ಮೂವತ್ತೇಳು

ಕುಂಸಿ ಹತ್ತಿರದ ಗೇಟು. ತಾಳಗುಪ್ಪದ ಗಾಡಿಗೆ ಮುಂಚೆ ಫೋನು ಬರುತ್ತದೆ.
ಬಗ್ಗಿ ಹಿಡಿಕೆ ತಿರುಗಿಸಿ, ಗೇಟು ಬಿದ್ದ ಮೇಲೆ
ಹಾಳೆಯಲ್ಲಿರುವ ಗುಟ್ಟಿನ ನಂಬರನ್ನು ಸ್ಟೇಷನ್ನಿಗೆ ಹೇಳಬೇಕು.
ಅದು ಸಿಕ್ಕರೇ ಸಿಗ್ನಲ್ಲು.

ಬಗ್ಗಿದಾಗಲೇ ಅದು ಬರುತ್ತಿತ್ತು.
ಎದೆಯೊಳಗೆ ವೇಳಾಪಟ್ಟಿಯಲ್ಲಿಲ್ಲದ ಗೂಡ್ಸು,
ಮಾಘದ ಚಳಿಯಲ್ಲೂ ಬನಿಯನ್ ಹಿಂಡುವಷ್ಟು ಬೆವರು,
ನೆತ್ತಿಗೆ ಒಳಗಿನಿಂದ ಯಾರೋ ಹಾರೆ ಹಾಕಿದ ಹಾಗೆ.
ಮುಖ ಸುಣ್ಣ. ಈಗ ಸತ್ತೆ, ಈಗ ಸತ್ತೆ.
ಕಾಲು ಗಂಟೆ. ಆಮೇಲೆ ಏನೂ ಇಲ್ಲ,
ಹಳಿಯ ಮೇಲೊಂದು ಗೊರವಂಕ.

ಆರೋಗ್ಯ ಕೇಂದ್ರ ಮುಟ್ಟುವಷ್ಟರಲ್ಲಿ
ನೂರಿಪ್ಪತ್ತು, ಎಂಬತ್ತು. "ಗುತ್ಯಪ್ಪ, ಮನಸ್ಸಿಗೆ ಹಚ್ಕೋಬೇಡ."
ಹಿಂದಿನ ವರ್ಷ ಗೇಟಿನ ಬಳಿ ಒಬ್ಬ ತಲೆ ಕೊಟ್ಟಿದ್ದ;
ಅವನೇ ಹಿಡಿದಿದ್ದಾನೆಂದು ಊರು ತೀರ್ಮಾನ ಮಾಡಿತು.
ಹೂವಮ್ಮ ನಿಂಬೆಹಣ್ಣು ಮಂತ್ರಿಸಿ ತಂದು
ಹನ್ನೊಂದು ರಾತ್ರಿ ದಿಂಬಿನಡಿ ಇಟ್ಟಳು.

ಒಂದು ಬೆಳಗ್ಗೆ ಹಾಳೆಯಲ್ಲಿ ಮೂವತ್ತೇಳು.
ಕಣ್ಣಿಗೆ ಕಾಣುತ್ತಿದೆ, ಮೂರು, ಏಳು.
ಬಾಯಿ ಬೆಂಡೆಕಾಯಿ ಅಂದಿತು.
"ಏನಂದ್ರಿ?" ಅತ್ತ ಕಡೆಯಿಂದ ಪಾಟೀಲರು.
ಬೆಂಡೆಕಾಯಿ.
ಬಲಗೈಯಿಂದ ರಿಸೀವರು ಜಾರಿತು.
ದೂರದಲ್ಲಿ ಗಾಡಿ ನಿಂತಲ್ಲೇ ಕೂಗುತ್ತಿತ್ತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರ್ ನಫೀಸಾ, ನನ್ನ ಮಗಳ ವಯಸ್ಸು,
ಹೊಟ್ಟೆ ಒತ್ತಿ ನೋಡಿದವಳು ತಟ್ಟನೆ ಕೈ ತೆಗೆದಳು:
ಮಾನಿಟರು ಇನ್ನೂರ ನಲವತ್ತಕ್ಕೆ ಹಾರಿತ್ತು.
ಇಡೀ ಒಂದು ದಿನದ ಉಚ್ಚೆಯನ್ನು ಕ್ಯಾನಿನಲ್ಲಿ ಹಿಡಿಸಿದಳು.
ಮೂತ್ರಪಿಂಡದ ತಲೆಮೇಲೆ ಟೋಪಿಯಂಥ ಗ್ರಂಥಿಯಂತೆ,
ಅದರಲ್ಲೊಂದು ಗಡ್ಡೆ; ಹೆದರಿಕೆಯ ರಸ ಸುರಿಯುವುದೇ ಅದರ ಕಸುಬು.
ಅದು ಸುರಿದು ಸುರಿದು ಎದೆಯ ಗೋಡೆ ದಪ್ಪವಾಗಿದೆ,
ಮಿದುಳಲ್ಲೊಂದು ನಾಳ ಕಟ್ಟಿದೆ.
ಎಷ್ಟು ದೊಡ್ಡ ಗಡ್ಡೆ ಅಂದರೆ, ಹೂವಮ್ಮನ ಮುಖ ನೋಡಿ,
"ನಿಂಬೆಹಣ್ಣಿನಷ್ಟು" ಅಂದಳು.

ಮೂರು ವಾರ ಮಾತ್ರೆ ಕೊಟ್ಟು ನಾಳ ಸಡಿಲಿಸಿ ಕೊಯ್ದರು.
ಇಷ್ಟು ಸುಮ್ಮನಿರುವ ಎದೆ
ಯಾರಿಂದಲೋ ಬಾಡಿಗೆಗೆ ತಂದ ಹಾಗಿದೆ.
ಗೇಟಿಗೆ ಬೇರೆಯವನು ಬಂದ. ನನಗೆ ಸ್ಟೋರಿನಲ್ಲಿ
ಬೋಲ್ಟು ಎಣಿಸುವ ಕೆಲಸ,
ಎಣಿಕೆ ಮೂವತ್ತಾರಕ್ಕೆ ನಿಲ್ಲುತ್ತದೆ.

ಮೊನ್ನೆ ಹಳೆಯ ಗೇಟಿಗೆ ಹೋಗಿದ್ದೆ, ಸುಮ್ಮನೆ, ಚಾ ಕುಡಿಯಲು.
ತಿರುವಿನಲ್ಲಿ ಗಾಡಿಯ ಸದ್ದು. ಹಳಿಯ ಮೇಲೆ ಎಮ್ಮೆ,
ಎಮ್ಮೆಯ ಹಿಂದೆ ಹುಡುಗ.
ಎದೆ ಹೊಡೆದುಕೊಂಡಿತು. ಕಾರಣ ಇಟ್ಟುಕೊಂಡು ಹೊಡೆದುಕೊಂಡಿತು,
ಎಷ್ಟೋ ವರ್ಷಕ್ಕೆ ಮೊದಲ ಸಲ.
ಎಮ್ಮೆ ಅನ್ನಲು ಬಾಯಿ ತೆರೆದೆ.

"ಮೂವತ್ತೇಳು!" ಎಂದು ಕಿರುಚಿದೆ.

ಹುಡುಗ ಓಡಿದ.
ಎಮ್ಮೆ ತನ್ನ ಪುರುಸೊತ್ತಿನಲ್ಲಿ ಇಳಿಯಿತು.