ನಿನ್ನೆ ಏನು ತಿಂದಿರಿ

ನನ್ನ ಕಸುಬು ಒಂದೇ ಪ್ರಶ್ನೆಯದು.
ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ
ನಿನ್ನೆ ಏನು ತಿಂದಿರಿ, ಎಷ್ಟು ತಿಂದಿರಿ,
ಸಣ್ಣ ಲೋಟವೋ ದೊಡ್ಡದೋ,
ಸೌಟು ತುಂಬವೋ ಅರೆಯೋ.
ಅಳತೆಯ ಬಟ್ಟಲುಗಳ ಚೀಲ ಹೊತ್ತು
ಮಾಲ್ದಾರೆಯ ದಾರಿಯಲ್ಲಿ ಜೀಪಿನಿಂದ ಇಳಿಯುತ್ತೇನೆ.
ಲೈನ್ ಮನೆಯ ನಾಯಿಗಳು ಬೊಗಳುತ್ತವೆ,
ಇಲ್ಲಿಯವಳೇ ಎಂದು ಅವಕ್ಕೇನು ಗೊತ್ತು.

ಹನ್ನೊಂದನೇ ನಂಬರಿನ ಕೋಣೆ ನಮ್ಮದಿತ್ತು.
ಗೋಡೆಯಾಚೆ ಹನ್ನೆರಡು ಕೆಮ್ಮಿದರೆ
ನಮ್ಮ ಚಿಮಣಿ ದೀಪ ಅಲುಗುತ್ತಿತ್ತು.
ಅವ್ವ ಕರ್ಪಿ ಕಾಫಿ ಕೊಯ್ಯುವವಳು.
ತಮ್ಮ ಚಾತ, ಹೊಟ್ಟೆ ಮುಂದೆ, ತಾನು ಹಿಂದೆ.

ಒಂದು ಮಳೆಗಾಲ
ರಿಜಿಸ್ಟರು ಹಿಡಿದ ಅಕ್ಕ ಬಂದಳು.
ಜಂತಿಗೆ ಕೊಕ್ಕೆ ಹಾಕಿ, ಚಡ್ಡಿಯಂಥ ಚೀಲದಲ್ಲಿ
ಚಾತನನ್ನು ತೂಗುಬಿಟ್ಟಳು.
ಮುಳ್ಳು ಹೆಚ್ಚು ದೂರ ಹೋಗಲಿಲ್ಲ.
"ನಿನ್ನೆ ಇವನಿಗೆ ಏನು ಕೊಟ್ಟೆ?"
ಅವ್ವ ಸೆರಗು ಸರಿಮಾಡಿಕೊಂಡು
ನೆಂಟರೆದುರಿನ ದನಿಯಲ್ಲಿ ಹೇಳಿದಳು:
"ಅನ್ನ, ಬೇಳೆಸಾರು, ಒಂದು ಮೊಟ್ಟೆ."
ಪೆನ್ನು ಬರೆದುಕೊಂಡಿತು.

ಒಲೆಯ ಮಗ್ಗುಲಲ್ಲಿ ನಾನಿದ್ದೆ.
ಮೊಟ್ಟೆ ಇರಲಿಲ್ಲ.
ಇದ್ದದ್ದು ಗದ್ದೆ ಬದುವಿನ ಬಿಲಕ್ಕೆ ಕೈ ಹಾಕಿ
ನಾನೇ ಹಿಡಿದ ಮೂರು ಏಡಿ,
ಚಿಪ್ಪು ಸಮೇತ ಜಜ್ಜಿ ಹಿಂಡಿದ ಸಾರು,
ತೋಡಿನ ಅಂಚಿನ ತೆರ್ಮೆ ಸೊಪ್ಪು.
ಅದನ್ನು ಅವ್ವ ಹೇಳಲಿಲ್ಲ.
ಕಾಸು ಕೊಡದೆ ಬಂದದ್ದು
ಊಟ ಎಂದು ಹೇಳಿಕೊಳ್ಳುವುದು ಹೇಗೆ?
ಇಲ್ಲದ ಮೊಟ್ಟೆಯನ್ನು ಬಡಿಸಿದಳು,
ಇದ್ದ ಏಡಿಯನ್ನು ಚಾಪೆಯಡಿ ಸರಿಸಿದಳು.

ಅದೇ ಕಕ್ಕಡದ ಹದಿನೆಂಟಕ್ಕೆ
ಮದ್ದುಸೊಪ್ಪು ಕುದಿಸಿದ ನೀರಲ್ಲಿ ಅಕ್ಕಿ ಬೆಂದಿತು.
ನೇರಳೆ ಬಣ್ಣ, ಚೂರು ಬೆಲ್ಲ,
ಕೋಣೆ ತುಂಬ ಕಾಡಿನ ಘಮ.
ಮರುದಿನ ಬೇಲಿ ಹಿಂದೆ ಕೂತರೆ
ಉಚ್ಚೆ ಕೆಂಪು!
ಆಚೆ ಹುಡುಗರು ಕೇಕೆ ಹಾಕುತ್ತಿದ್ದರು.
ನಾನು ಎದ್ದು ಹೋಗದೆ ನೋಡುತ್ತಲೇ ಕೂತೆ:
ಬಾಯಿ ಏನೇ ಹೇಳಲಿ,
ತಿಂದದ್ದನ್ನು ಮೈ ಒಪ್ಪಿಕೊಂಡುಬಿಡುತ್ತದೆ.

ಈ ವಿಷಯವನ್ನೇ ಏಕೆ ಆರಿಸಿಕೊಂಡಿರಿ ಎಂದು
ಸಭೆಗಳಲ್ಲಿ ಯಾರಾದರೂ ಕೇಳುತ್ತಾರೆ.
ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು, ಒಳ್ಳೆಯ ಮೇಷ್ಟ್ರು ಎನ್ನುತ್ತೇನೆ.
ಬೇಲಿಯ ಹಿಂದಿನದನ್ನು ಬಿಡುತ್ತೇನೆ.
ನಾನೂ ಕರ್ಪಿಯ ಮಗಳೇ.

ಮೈಸೂರಿನಲ್ಲಿ ಒಂದು ಬೇಸಿಗೆ ಪೂರ್ತಿ
ಗದ್ದೆ ಏಡಿಯನ್ನು ಒಣಗಿಸಿ, ಸುಟ್ಟು,
ಬೂದಿಯಲ್ಲಿ ಸುಣ್ಣದಂಶ ಎಣಿಸಿದೆ.
ಅಂಕಿ ಬಂದ ಸಂಜೆ ಹಿಗ್ಗಿ
ಕಾರಿಡಾರಿನಲ್ಲಿ ಎರಡು ಸುತ್ತು ಓಡಾಡಿದೆ.
ಮೂರನೆಯ ಸುತ್ತಿಗೆ ಚಾತ ನೆನಪಾದ.
ಅಷ್ಟೊಂದು ಇದ್ದೂ ಅವನೇಕೆ ಉಳಿಯಲಿಲ್ಲ?
ಕೋಷ್ಟಕದ ತಲೆಯ ಮೇಲೆ ಬರೆದಿತ್ತು,
ನೂರು ಗ್ರಾಮಿಗೆ ಇಷ್ಟು ಎಂದು.
ಮೂರು ಏಡಿ, ಐದು ಬಾಯಿ.
ನೂರು ಗ್ರಾಂ ನಮ್ಮಲ್ಲಿ ಯಾರ ಪಾಲಿಗೂ ಬಂದದ್ದಿಲ್ಲ.

ಇವತ್ತು ನಾಲ್ಕನೇ ನಂಬರು. ತೋಲಿ,
ಕಂಕುಳಲ್ಲಿ ಕೂಸು.
"ಅನ್ನ," ಎಂದಳು, "ಸಾಂಬಾರು," ಎಂದಳು,
ಸೆರಗು ಸರಿಮಾಡಿಕೊಂಡು, "ಮೊಟ್ಟೆ."
ಪೆನ್ನಿಗೆ ಮುಚ್ಚಳ ಹಾಕಿದೆ.
ನಿನ್ನೆ ಸಿದ್ದಾಪುರದ ಲಾಡ್ಜಿನಲ್ಲಿ
ಬರೀ ಬ್ರೆಡ್ಡು ತಿಂದು ಮಲಗಿದೆ ಎಂದೆ,
ಮೊದಲು ಇಲ್ಲಿ ಕೆಳಗಿನ ಗದ್ದೆಯಲ್ಲಿ
ಏಡಿ ಹಿಡಿಯುತ್ತಿದ್ದೆ ಎಂದೆ.
ತೋಲಿ ನನ್ನ ಕೈ ನೋಡಿದಳು,
ಹೆಬ್ಬೆರಳಿನ ಹಳೆಯ ಕಚ್ಚು ನೋಡಿದಳು.
"ಗದ್ದೆಯೆಲ್ಲಿದೆ ಅಕ್ಕಾ, ಶುಂಠಿ ಹಾಕಿದ್ದಾರೆ.
ಅದಕ್ಕೆ ಹೊಡೆಯುವ ಔಷಧಿಗೆ ಏಡಿ ಬದುಕುತ್ತದಾ?"
ಸ್ವಲ್ಪ ಹೊತ್ತು ಬಿಟ್ಟು,
"ಮೊಟ್ಟೆಯೂ ಇರಲಿಲ್ಲ. ಬರೀಬೇಡಿ."

ಬರೆಯದಿರುವುದೋ, ಇಲ್ಲ ಎಂದು ಬರೆಯುವುದೋ
ನಮೂನೆಯಲ್ಲಿ ಎರಡಕ್ಕೂ ಒಂದೇ ಚೌಕ.
ಅಷ್ಟರಲ್ಲಿ ಕೂಸು ಚೀಲಕ್ಕೆ ಕೈ ಹಾಕಿ
ಚಿಕ್ಕ ಬಟ್ಟಲನ್ನು ಎಳೆದುಕೊಂಡು
ಹೊಸ ಹಲ್ಲಿನಿಂದ ಅಂಚು ಕಚ್ಚುತ್ತಿತ್ತು.
ನೂರು ಮಿಲಿಲೀಟರು.
ಖಾಲಿ.