ನಾಲ್ಕನೇ ಜ್ವರ

ಜೈತೂನ್ ಬೀ ಹೆಬ್ಬೆಟ್ಟು ಒತ್ತಿದ ಒಪ್ಪಿಗೆ ಪತ್ರ
ಇವತ್ತಿಗೂ ನನ್ನ ಮೇಜಿನ ಮೇಲಿದೆ.
ಗೆರೆಯಿಲ್ಲ, ಸುಳಿಯಿಲ್ಲ,
ನೇರಳೆಹಣ್ಣು ಜಜ್ಜಿದಂಥ ಒಂದು ಬೊಟ್ಟು.
ಇದು ಯಾರ ಗುರುತೂ ಅಲ್ಲವೆಂದು
ಮೇಲಿನವರು ವಾಪಸು ಕಳಿಸಿದರು.
ಮತ್ತೆ ಹೋಗಿ ಎಡಗೈಯದು ಒತ್ತಿಸಿದೆ.
ಅದೂ ಅಷ್ಟೇ.

ಶಿಡ್ಲಘಟ್ಟದ ಫಿಲೇಚರಿನಲ್ಲಿ ಮೂವತ್ತೊಂದು ವರ್ಷ
ಸುಡುನೀರಿಗೆ ಬೆರಳದ್ದಿ
ಗೂಡುಗಳ ಎಳೆಯ ತುದಿ ಹುಡುಕಿದವಳು.
ಎಳೆ ಸಿಕ್ಕಿತು, ಬೆರಳು ಕಳೆಯಿತು.
ರೇಷನ್ ಅಂಗಡಿಯ ಪುಟ್ಟ ಯಂತ್ರ ಪ್ರತಿ ತಿಂಗಳೂ
ಮತ್ತೊಮ್ಮೆ ಪ್ರಯತ್ನಿಸಿ ಅನ್ನುತ್ತದೆ.
‘ನಾನು ನಾನಲ್ಲವಂತೆ’ ಎಂದು ನಕ್ಕು
ಸೆರಗಿಗೆ ಕೈ ಒರೆಸಿಕೊಂಡಳು.

ತೋಳಿನ ಒಳಮೈ, ನೀರು ಮುಟ್ಟದ ಜಾಗ.
ಅಲ್ಲಿಂದ ಅರ್ಧ ಕಡಲೆಬೇಳೆಯಷ್ಟು ಚರ್ಮ.
ಗುಲಾಬಿ ರಸದ ಸೀಸೆಯಲ್ಲಿಟ್ಟು
ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ತೊಡೆಯ ಮೇಲೆ ತಂದೆ.
ಪಕ್ಕದ ಮುದುಕ ಕೇಳಿದ: ಏನಮ್ಮ, ಶರಬತ್ತಾ?

ಒಂದೊಂದು ಕಣದಲ್ಲೂ ಇಡೀ ಮೈಯ ಪುಸ್ತಕವಿದೆ,
ಕಣ್ಣಿನದು, ಕರುಳಿನದು, ನರದ್ದು.
ಚರ್ಮ ಮಾತ್ರ ತನ್ನ ಪುಟವನ್ನಷ್ಟೇ
ಮಗ್ಗಿಯ ಹಾಗೆ ಹೇಳಿಕೊಂಡಿರುತ್ತದೆ.
ಮಿಕ್ಕವು ತಾಲ್ಲೂಕು ಕಚೇರಿಯ ಕಡತಗಳಂತೆ
ದಾರ ಬಿಗಿದುಕೊಂಡು ಧೂಳು ತಿನ್ನುತ್ತವೆ.

ನನ್ನ ಕೆಲಸ ಓಲೆ ಮುಟ್ಟಿಸುವುದು.
ನಾಲ್ಕೇ ಅಕ್ಷರದ ಲಿಪಿಯಲ್ಲಿ ಬರೆದು
ಕೊಬ್ಬಿನ ಗುಳ್ಳೆಯಲ್ಲಿ ಸುತ್ತಿ
ಕಣದ ಹೊಸ್ತಿಲಿಗೆ ಬಿಡುವುದು:
ನೀನು ನರ. ಆ ಪುಟ ತೆರೆ.
ಓಲೆ ಹೆಚ್ಚು ಬಾಳದು, ಓದಿದಷ್ಟರಲ್ಲಿ ಕರಗುತ್ತದೆ,
ಕಣ ಮತ್ತೆ ಹಳೆಯ ಮಗ್ಗಿಗೆ ಮರಳುತ್ತದೆ.
ನಾಳೆ ಮತ್ತೊಂದು ಓಲೆ.
ಭಾನುವಾರ ಓಲೆ, ಯುಗಾದಿಗೆ ಓಲೆ,
ತಂಗಿಯ ಸೀಮಂತದ ದಿನ
ಕೋಸಂಬರಿ ಎಲೆಯಿಂದೆದ್ದು ಓಡಿ ಹೋಗಿ, ಓಲೆ.

ಅಮ್ಮ ಹುಳ ಸಾಕುತ್ತಿದ್ದಳು.
ರಾತ್ರಿ ಎರಡಕ್ಕೆ ಎದ್ದು ಸೊಪ್ಪು ಹಾಕುವಳು.
ಮೇಯುವುದು ಬಿಟ್ಟು ತಲೆಯೆತ್ತಿ ಕಲ್ಲಾದರೆ
ಜ್ವರಕ್ಕೆ ಕೂತಿವೆ, ಯಾರೂ ಮುಟ್ಟಬೇಡಿ ಅನ್ನುವಳು.
ಮೊದಲನೇ ಜ್ವರ, ಎರಡನೇ ಜ್ವರ.
ನಾಲ್ಕನೆಯದರಿಂದ ಎದ್ದವು ಮಾತ್ರ ಹಣ್ಣಾಗಿ
ಚಂದ್ರಿಕೆ ಏರುತ್ತವೆ.

ನನ್ನ ತಟ್ಟೆಯಲ್ಲೂ ಹನ್ನೊಂದನೇ ದಿನ ಕೂತವು.
ಅರ್ಧಕ್ಕರ್ಧ ಸತ್ತವು.
ಕೆಲವು ಪ್ರತಿ ಓಲೆಯನ್ನೂ ತೆಗೆದುಕೊಂಡು
ಚರ್ಮವಾಗಿಯೇ ಉಳಿದವು,
ಅವುಗಳ ಮೇಲೆ ನನಗೆ ಸಿಟ್ಟಿಲ್ಲ.
ಇಪ್ಪತ್ತನಾಲ್ಕನೇ ಬೆಳಿಗ್ಗೆ ಒಂದು,
ಒಂದೇ ಒಂದು,
ಸಪಾಟು ಮೈಯನ್ನು ಮುದುರಿ ದುಂಡಗೆ ಮಾಡಿಕೊಂಡು
ಮೂಲೆಯ ಕಡೆಗೆ ಎಳೆಯೊಂದನ್ನು ಬಿಟ್ಟಿತು.
ಸೂಜಿಮೊನೆಯಿಂದ ಸೋಕಿದೆ.
ಪರದೆಯ ಮೇಲೆ ಗೆರೆ ಎದ್ದು, ಬಿತ್ತು.

ಆ ಹೊತ್ತಿಗೆ ಸಂತೋಷವಾಗಬೇಕಿತ್ತು.
ನೆನಪಾದದ್ದು ಗೂಡೊಳಗಿನ ಹುಳ.
ಅದೂ ಅದೇ ಪುಸ್ತಕ ಹಿಡಿದು ಕತ್ತಲಲ್ಲಿ ಕೂತಿರುತ್ತದೆ.
ಯಾರ ಓಲೆಯೂ ಇಲ್ಲದೆ
ರೆಕ್ಕೆಯ ಪುಟಕ್ಕೆ ಬರುವಷ್ಟರಲ್ಲಿ
ನಾವು ಹಬೆ ಬಿಡುತ್ತೇವೆ.

ಫೋನಿನಲ್ಲಿ ಚಿತ್ರ ಹಿಡಿದುಕೊಂಡು ಹೋದೆ.
ಬಾಯ್ಲರಿನ ಸದ್ದು, ಸತ್ತ ಹುಳಗಳ ಜಿಡ್ಡುನಾತ.
ಆಕೆ ಕೈ ನೀರಿನಿಂದ ತೆಗೆಯಲಿಲ್ಲ,
ಕತ್ತು ಮಾತ್ರ ಚಾಚಿದಳು.
‘ನಂದಾ ಇದು?’
ನಿಮ್ಮದೇ.
‘ಬೆರಳಿಗೆ ಹಾಕ್ತೀರಾ?’
ಇಲ್ಲ, ಅದಿನ್ನೂ ನಮಗೆ ಬರುವುದಿಲ್ಲ ಎಂದೆ.
ಬೇರೆ ಮಾತು ತಯಾರು ಮಾಡಿಕೊಂಡು ಹೋಗಿದ್ದೆ,
ಬಾಯಿಗೆ ಬರಲಿಲ್ಲ.
ಸ್ವಲ್ಪ ಹೊತ್ತು ಎಳೆ ಹುಡುಕಿದಳು.
‘ನರ ಅಂದ್ರೆ ಉರಿ ತಿಳಿಯೋದು, ಅಲ್ವಾ?’
ಹೂಂ.
ತೊಟ್ಟಿ ನೋಡಿದಳು, ಆಮೇಲೆ ನನ್ನ ಫೋನು.

‘ಹಂಗಾದ್ರೆ ಇಲ್ಲಿಗೆ ಮಾತ್ರ ತರಬೇಡಮ್ಮ ಅದನ್ನ.
ನೀರು ಬಿಸಿ ಐತೆ.’