ಮೂರನೆಯ ಕೂಗು

ಬೇರೂನ್ ಕಿಲ್ಲಾದ ಓಣಿಯೊಳಗ ಮುಂಜಾನೆ ಆರಕ್ಕ
ನಾನು ಸೀಟಿ ಊದತೀನಿ.
ಮುನ್ಸಿಪಾಲ್ಟಿಯವರು ಕಲಿಸಿದ್ದು ಎರಡೇ ಕೂಗು:
ಹಸಿದು ಹಸಿರು ಬುಟ್ಟಿಗೆ,
ಒಣದು ನೀಲಿ ಬುಟ್ಟಿಗೆ.
ಏಳು ವರ್ಷ ಇಡೀ ಜಗತ್ತು ಅಷ್ಟರಾಗೇ ಹಿಡಿಸಿತ್ತು.
ಸೋರೆಕಾಯಿ ಸಿಪ್ಪಿ ಹಸಿ. ಲಗ್ನಪತ್ರ ಒಣ.
ಚಾ ಸೋಸಿದ ಪುಡಿ ಇವತ್ತು ಹಸಿ, ನಾಳೆ ಒಣ;
ಅದಕ್ಕ ಯಾರ ಕೂಡನೂ ಜಗಳ ಮಾಡಲಿಲ್ಲ ನಾನು.

ಏಪ್ರಿಲ್ ಕಡೀ ವಾರ.
ಕಿಲ್ಲಾದ ಕಲ್ಲು ಹೊತ್ತೇರೂ ಮೊದಲೇ ಹಂಚಿನಂಗ ಕಾದಿದ್ವು.
ಗಾಡಿ ತುಂಬ್ಯದ ಅಂತ ಬಸಲಿಂಗ
ಕಬ್ಬಿಣದ ಹಲಗಿ ಇಳಿಸಿ ಕಸ ಅದುಮಿದ.
ಒಂದು ಸಪ್ಪಳ, ಹಪ್ಪಳ ಮುರಿದಷ್ಟೇ.
ಆಮ್ಯಾಲ ಬುಸ್ ಅಂತು.
ಹಾವು ಅಂದ್ಕೊಂಡೆ.
ಬಿಳಿ ಹೊಗಿ, ಹಲ್ಲಿಗೆ ಅಂಟುವಂಥ ಸಿಹಿ ವಾಸನಿ.
ಕೊಡದಿಂದ ನೀರು ಸುರುವಿದ್ವಿ. ನಂದಿದಂಗ ಮಾಡಿ
ಮತ್ತ ಎದ್ದಿತು,
ಮತ್ತ ಎದ್ದಿತು.
ಓಣಿಯ ಕಸ ಎಲ್ಲಾ ನಡುರಸ್ತೆಗೆ ಕೆಡವಿ
ಅಗ್ನಿಶಾಮಕದವರ ದಾರಿ ನೋಡ್ಕೋತ ನಿಂತ್ವಿ.
ಅವತ್ತು ಹೋದ ನನ್ನ ಎಡ ಹುಬ್ಬು
ಇನ್ನೂ ಅರ್ಧಾನೇ ಬಂದದ.

ಮೂರು ದಿನಕ್ಕ ಬ್ಯಾಂಕಿನ ಸುವರ್ಣಾಬಾಯಿ
ಗೇಟಿನ ತನಕ ತಾವೇ ಬಂದ್ರು.
"ಅದು ನಮ್ಮ ಪವರ್ ಬ್ಯಾಂಕೇ ಇರಬೇಕು.
ಸತ್ತದ ಅಂದ್ಕೊಂಡಿದ್ದೆ, ತಾಯಮ್ಮಾ."

ಸತ್ತದ.
ನಮ್ಮ ತವರಿನ ಕಡೆ ಸತ್ತ ಚೇಳನ್ನೂ
ಚಪ್ಪಲಿಯಿಂದ ಸರಿಸತಾರ, ಬೆರಳಿಂದ ಅಲ್ಲ.
ಅದು ಅವರಿಗೆ ಹೇಳಬೇಕಂತ ಬಾಯಿತನಕ ಬಂತು,
ಹೇಳಲಿಲ್ಲ. ಅವರ ಮಾರಿ ಮೊದಲೇ ಬಾಡಿತ್ತು.

ತೀನ್ ಕಂದೀಲಿನ ಹತ್ರ ದಸ್ತಗೀರನ ಮೊಬೈಲ್ ಅಂಗಡಿ.
ಬಿಸಿಲು ಮುಟ್ಟದ ಮೂಲ್ಯಾಗ
ಅವರ ಅಮ್ಮಿಯ ಉಪ್ಪಿನಕಾಯಿ ಜಾಡಿ,
ಅದರ ತುಂಬ ಹುರಿದಷ್ಟು ಒಣಗಿದ ಮರಳು.
ಉಬ್ಬಿದ ಬ್ಯಾಟರಿಯ ತುದಿಗೆ ಟೇಪು ಸುತ್ತಿ
ಒಂದರ ಮೈ ಒಂದಕ್ಕ ತಾಗದಂಗ
ಮರಳಿನೊಳಗ ಮಲಗಿಸತಾನ.
"ಚುಚ್ಚಬ್ಯಾಡಕ್ಕಾ ಯಾವತ್ತೂ.
ಗಾಳಿ ತೆಗೀತೀನಂತ ನಮ್ಮ ಹುಡುಗ ಒಬ್ಬ ಸೂಜಿ ಹಾಕಿದ್ದ.
ಇನ್ನೂ ಆ ಸೂಜಿ ಸಿಕ್ಕಿಲ್ಲ."
ಜಾಡಿ ತುಂಬಿದ್ರ ಲೈಸೆನ್ಸ್ ಇದ್ದವರ ವ್ಯಾನು ಬರತದ.
ಅವರ ರಸೀದಿಗಳನ್ನ
ಕ್ಯಾಲೆಂಡರಿನ ಮೊಳಿಗೆ ಚುಚ್ಚಿಟ್ಟಾನ.

"ಅಮ್ಮಿ ಈಗ ಉಪ್ಪಿನಕಾಯಿ ಎಲ್ಲಿ ಹಾಕತಾಳಪ್ಪ?"
"ಪ್ಲಾಸ್ಟಿಕ್ ಡಬ್ಬ್ಯಾಗ. ದಿನಾ ಬೈತಾಳ."

ಗಂಜಿನಾಗ ಬ್ಯಾಟರಿ ಆಟೋ ಮಾರೋ ವಿರುಪನಗೌಡರದು
ಬ್ಯಾರೇನೇ ಲೆಕ್ಕ.
ಹಿತ್ತಲ ತಗಡಿನ ಶೆಡ್ಡಿನಾಗ ಹಳೇ ಪ್ಯಾಕುಗಳ ರಾಶಿ.
"ಗುಜರಿಯವ ಕಿಲೋಕ್ಕ ಎಷ್ಟಂತಾನ ನೋಡೋಣ."
"ಗೋಡಿಯಾಚಿಗಿ ಯಾರ ಹತ್ತಿರೀ, ಗೌಡ್ರ?"
ಅವರು ಗೋಡಿ ನೋಡಿದ್ರು. ಹತ್ತಿ ಅಂಡಗಿ ನೋಡಿದ್ರು.
ನನ್ನ ಹುಬ್ಬು ನೋಡಿದ್ರು.
ಮಾಡಿದ ಕಂಪನಿಯವರೇ ವಾಪಸ್ ಒಯ್ಯಬೇಕಲ್ಲರೀ ಅಂದೆ;
ದಸ್ತಗೀರ ಕಲಿಸಿದ ಮಾತು, ನಂದೇ ಅನ್ನೋ ಹಂಗ.
ಕಂಪನಿಗೆ ಫೋನ್ ಹಚ್ಚಿದ್ರು,
ಅವತ್ತಲ್ಲ, ಎಂಟು ದಿನ ಬಿಟ್ಟು.
ಹಚ್ಚಿದ್ರು ಮಾತ್ರ ಖರೇ.

ಈಗ ನನಗ ಮೂರನೇದೊಂದು ಕೂಗದ,
ಯಾವ ಸಾಹೇಬರೂ ಬರೆದುಕೊಟ್ಟದ್ದಲ್ಲ:
ಸತ್ತಂಗ ಕಾಣೋದು ಇದ್ರ
ಬುಟ್ಟಿಗೆ ಹಾಕಬ್ಯಾಡ್ರಿ, ಕೈಗೆ ಕೊಡ್ರೀ!
ಮೊದಮೊದಲು ನಕ್ಕರು.
ಯಾರ ಮನ್ಯಾಗರ ಹೆಣ ಐತೇನು ಅಂದ ಒಬ್ಬ.

ಇವತ್ತು ಮೂಲಿಮನಿ ಹುಡುಗಿ, ಐದನೇ ಇಯತ್ತೆ,
ಆಟಿಗಿ ಕಾರಿನ ಬ್ಯಾಟರಿ ಹಿಡ್ಕೊಂಡು ಬಂತು.
ತುದಿಗೆ ಟೇಪಿಲ್ಲ ಅಂತ
ತನ್ನ ಮಣಕಾಲಿನ ಬ್ಯಾಂಡೇಜು ಕಿತ್ತು ಅಂಟಿಸಿತ್ತು.

ಮುಂದಿನ ಸೀಟಿನಾಗ, ಮರಳಿನ ಡಬ್ಬಿಯೊಳಗ ಇಟ್ಕೊಂಡು ಹೊಂಟ್ವಿ.
ತೀನ್ ಕಂದೀಲು ಬರೋತನಕ
ಬಸಲಿಂಗ ಬೀಡಿ ಕಿವಿಗೇ ಸಿಗಿಸಿದ್ದ.